ಗಜ್ಜರಿಯೂ ಕ್ಯಾರೆಟ್ಟೂ

ದಿಲ್ಲಿಯ ಚಳಿಗಾಲದ ಕೆಂಪು ಗಾಜರ್ ಕಂಡರೆ ಮೈಸೂರಿನವರು ‘ಇದ್ಯಾವ ಕ್ಯಾರೆಟ್?’ ಅನ್ನುತ್ತಾರೆ, ಧಾರವಾಡದವರು ‘ನಮ್ಮ ಗಜ್ಜರಿ’ ಎಂದು ಚೀಲ ತುಂಬಿಕೊಳ್ಳುತ್ತಾರೆ. ಹೆಸರು ಎರಡು, ಬಂದ ದಾರಿಯೂ ಎರಡು. ಸುಮಾರು 1,000 ವರ್ಷಗಳ ಹಿಂದೆ ಅಫ್ಘಾನಿಸ್ತಾನ, ಇರಾನ್ ಕಡೆ ಬೆಳೆಯುತ್ತಿದ್ದದ್ದು ನೇರಳೆ, ಹಳದಿ ಗಡ್ಡೆ. ಪೂರ್ವದ ಕವಲು ನಮ್ಮಲ್ಲಿ ಕೆಂಪಾಯಿತು. ಪಶ್ಚಿಮದ್ದು 17ನೇ ಶತಮಾನದ ಡಚ್ಚರ ತೋಟಗಳಲ್ಲಿ ಕಿತ್ತಳೆ ಬಣ್ಣಕ್ಕೆ ನಿಂತು, ಬ್ರಿಟಿಷರೊಡನೆ ನೀಲಗಿರಿ ಹತ್ತಿತು. (ರಾಜಮನೆತನದ ಗೌರವಕ್ಕೆ ಬಣ್ಣ ಕೊಟ್ಟರೆಂಬುದು ಚಂದದ ಕಟ್ಟುಕತೆ.)

ಕಿತ್ತಳೆಯದಕ್ಕೆ ಹೂ ಬಿಡಲು ದೀರ್ಘ ಚಳಿ ಬೇಕು. ಬಯಲಲ್ಲಿ ಬೀಜ ಕಟ್ಟದು, ವರ್ಷವರ್ಷ ಕೊಳ್ಳಬೇಕು. ಕೆಂಪಿಗೆ ಆ ಹಂಗಿಲ್ಲ. ಎರಡನ್ನೂ ಕೂಡಿಸಿ ದಿಲ್ಲಿಯ ಪೂಸಾ ಸಂಸ್ಥೆ ‘ಪೂಸಾ ಕೇಸರ್’ ತಳಿ ಕಟ್ಟಿತು. ಸೆಪ್ಟೆಂಬರಿನಲ್ಲಿ ಆಳದ ಕುಂಡಕ್ಕೆ ಕೆಂಪು ಬೀಜ ಹಾಕಿ, ಚಳಿಗೆ ಸಿಹಿಯೇರಿದ ಗಡ್ಡೆ ಕೀಳುವಾಗ ನಾಲ್ಕೈದನ್ನು ಬಿಡಿ. ವಸಂತದಲ್ಲಿ ಬಿಳಿ ಕೊಡೆ ಬಿಚ್ಚಿ ಮುಂದಿನ ವರ್ಷದ ಬೀಜ ಕೊಡುತ್ತವೆ.