ಸರದಿ ಸಾಲಿನ ಕಾಯುವಿಕೆ ತಗ್ಗಿಸಲು ಕಂಪ್ಯೂಟರ್ ಸಿಮ್ಯುಲೇಶನ್

ಜಾತ್ರೆಯ ದಾಸೋಹವಿರಲಿ, ಆಸ್ಪತ್ರೆಯ ಹೊರರೋಗಿ ವಿಭಾಗವಿರಲಿ, ರೈಲ್ವೆ ಟಿಕೆಟ್ ಕೌಂಟರ್ ಇರಲಿ, ಸರದಿ ಸಾಲು ತಪ್ಪಿದ್ದಲ್ಲ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇದೇ ‘ಪಾಳಿ’. ಸಾಲು ಬೆಳೆದಾಗಲೆಲ್ಲ ಕೌಂಟರ್ ಹೆಚ್ಚಿಸಿ ಎಂಬ ಬೇಡಿಕೆ ಕೇಳಿಬರುತ್ತದೆ. ಆದರೆ ಸಿಬ್ಬಂದಿಯನ್ನು ಹೆಚ್ಚಿಸದೆಯೇ ಕಾಯುವ ಅವಧಿಯನ್ನು ಅರ್ಧಕ್ಕಿಳಿಸಬಹುದಾದ ಸಂದರ್ಭಗಳೂ ಉಂಟು. ಅವನ್ನು ಮುಂಚಿತವಾಗಿ ಗುರುತಿಸಲು ನೆರವಾಗುವ ವಿಧಾನವೇ ಕಂಪ್ಯೂಟರ್ ಸಿಮ್ಯುಲೇಶನ್, ಅಂದರೆ ನೈಜ ವ್ಯವಸ್ಥೆಯ ಗಣಕ ಅನುಕರಣೆ.

ಶತಮಾನದ ಹಿನ್ನೆಲೆ

ಹಾನಗಲ್ಲ ಕುಮಾರ ಶಿವಯೋಗಿಗಳು ಬಾದಾಮಿ ಸಮೀಪದ ಮಲಪ್ರಭಾ ದಂಡೆಯಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ್ದು 1909ರಲ್ಲಿ. ಕಾಕತಾಳೀಯವೆಂಬಂತೆ ಅದೇ ವರ್ಷ ಡೆನ್ಮಾರ್ಕಿನ ಗಣಿತಜ್ಞ ಎ.ಕೆ. ಎರ್ಲಾಂಗ್ ದೂರವಾಣಿ ಕರೆಗಳ ಕುರಿತು ಪ್ರಕಟಿಸಿದ ಪ್ರಬಂಧವು ಸರದಿ ಸಿದ್ಧಾಂತಕ್ಕೆ ತಳಹದಿಯಾಯಿತು. 1952ರಲ್ಲಿ ಬ್ರಿಟನ್ನಿನ ನಾರ್ಮನ್ ಬೈಲಿ ಆಸ್ಪತ್ರೆಗಳ ಹೊರರೋಗಿ ಸಾಲನ್ನು ಅಧ್ಯಯನ ಮಾಡಿದರು. ಆರಂಭದಲ್ಲಿ ಇಬ್ಬರು ರೋಗಿಗಳನ್ನು ಕರೆದು, ಉಳಿದವರಿಗೆ ಸರಾಸರಿ ತಪಾಸಣೆ ಅವಧಿಯ ಅಂತರದಲ್ಲಿ ಸಮಯ ನೀಡಬೇಕೆಂಬುದು ಅವರ ಸಲಹೆ. 1961ರಲ್ಲಿ ಐಬಿಎಂ ಸಂಸ್ಥೆಯ ಜೆಫ್ರಿ ಗಾರ್ಡನ್ ಇಂತಹ ಅನುಕರಣೆಗೆಂದೇ ಜಿಪಿಎಸ್‌ಎಸ್ ಎಂಬ ಗಣಕ ಭಾಷೆಯನ್ನು ರೂಪಿಸಿದರು.

ಸಾಲು ಬೆಳೆಯುವ ಬಗೆ

ಜಾತ್ರೆಯೊಂದರ ಪ್ರಸಾದ ವಿತರಣೆಯ ಕೌಂಟರನ್ನು ಊಹಿಸಿಕೊಳ್ಳೋಣ. ಅಲ್ಲಿ ಒಬ್ಬರಿಗೆ ಸರಾಸರಿ ಒಂದು ನಿಮಿಷ, ಗಂಟೆಗೆ 60 ಮಂದಿಗೆ ಸೇವೆ ಸಾಧ್ಯ. ಎಲ್ಲರೂ ಸಮಾನ ಅಂತರದಲ್ಲಿ ಬಂದು, ಎಲ್ಲರಿಗೂ ಸರಿಯಾಗಿ ಒಂದೇ ನಿಮಿಷ ತಗುಲಿದರೆ ಯಾರೂ ಕಾಯಬೇಕಿಲ್ಲ. ವಾಸ್ತವದಲ್ಲಿ ಹಾಗಾಗದು. ಜನರ ಆಗಮನವೂ ಸೇವೆಯ ಅವಧಿಯೂ ಏರುಪೇರಾಗುವಾಗ, ಸಿದ್ಧಾಂತದ ಮೂಲ ಸೂತ್ರದ ಪ್ರಕಾರ, ಗಂಟೆಗೆ 48 ಮಂದಿ ಬಂದರೆ ಸರಾಸರಿ ಕಾಯುವಿಕೆ 4 ನಿಮಿಷ. 54 ಮಂದಿಗೆ 9 ನಿಮಿಷ. 57 ಮಂದಿಗೆ 19 ನಿಮಿಷ. ಕೇವಲ 9 ಮಂದಿ ಹೆಚ್ಚಾದುದರಿಂದ ಕಾಯುವಿಕೆ ಸುಮಾರು ಐದು ಪಟ್ಟಾಯಿತು!

ಇದೇ ಸೂತ್ರ ಪರಿಹಾರವನ್ನೂ ತೋರುತ್ತದೆ. ತಲಾ 54 ಮಂದಿ ಬರುವ ಎರಡು ಕೌಂಟರುಗಳ ಮುಂದೆ ಪ್ರತ್ಯೇಕ ಸಾಲುಗಳಿದ್ದು, ಯಾರೂ ಸಾಲು ಬದಲಿಸದಿದ್ದರೆ ಕಾಯುವಿಕೆ 9 ನಿಮಿಷ. ಎರಡಕ್ಕೂ ಸೇರಿ ಒಂದೇ ಸಾಲು ಮಾಡಿ, ತೆರವಾದ ಕೌಂಟರಿಗೆ ಮುಂದಿನವರನ್ನು ಕಳುಹಿಸಿದರೆ ಅದು 4 ನಿಮಿಷ ಚಿಲ್ಲರೆಗೆ ಇಳಿಯುತ್ತದೆ. ಹೆಚ್ಚುವರಿ ಸಿಬ್ಬಂದಿ ಬೇಕಿಲ್ಲ.

ಗಣಕದ ಪಾತ್ರ

ಆದರೆ ಈ ಸೂತ್ರ ಅನ್ವಯವಾಗುವುದು ಜನರ ಆಗಮನದ ಸರಾಸರಿ ವೇಗ ದಿನವಿಡೀ ಒಂದೇ ಇದ್ದಾಗ. ಬನದ ಹುಣ್ಣಿಮೆಯಂದು ನಡೆಯುವ ಬಾದಾಮಿ ಬನಶಂಕರಿಯ ರಥೋತ್ಸವದಂತಹ ಸಂದರ್ಭದಲ್ಲಿ ಜನ ಅಲೆಅಲೆಯಾಗಿ ಬರುತ್ತಾರೆ. ಬಸ್ ಬಂದೊಡನೆ ಹತ್ತಾರು ಮಂದಿ ಒಟ್ಟಿಗೇ ಇಳಿಯುತ್ತಾರೆ. ಸೂತ್ರ ಸೋಲುವ ಇಂತಹ ಕಡೆ ಸಿಮ್ಯುಲೇಶನ್ ಅನಿವಾರ್ಯ. ಜನ ಬಂದ ಸಮಯ ಹಾಗೂ ಸೇವೆಗೆ ತಗುಲಿದ ಅವಧಿಯ ದಾಖಲೆಯನ್ನು ಗಣಕಕ್ಕೆ ನೀಡಲಾಗುತ್ತದೆ. ಗಣಕವು ಯಾದೃಚ್ಛಿಕ ಸಂಖ್ಯೆಗಳ ನೆರವಿನಿಂದ ಕಾಲ್ಪನಿಕ ಜನರನ್ನು ಸೃಷ್ಟಿಸಿ, ಅದೇ ದಿನವನ್ನು ನೂರಾರು ಬಾರಿ ನಡೆಸಿ ನೋಡುತ್ತದೆ. ಮಧ್ಯಾಹ್ನ ಮಾತ್ರ ಮೂರನೆಯ ಕೌಂಟರ್ ತೆರೆದರೆ ಹೇಗೆ, ವೃದ್ಧರಿಗೆ ಪ್ರತ್ಯೇಕ ಸಾಲಿಟ್ಟರೆ ಉಳಿದವರು ಎಷ್ಟು ಕಾಯಬೇಕು ಎಂಬ ಪ್ರಶ್ನೆಗಳಿಗೆ ಜನರನ್ನು ಪ್ರಯೋಗಕ್ಕೊಡ್ಡದೆ ಉತ್ತರ ದೊರೆಯುತ್ತದೆ.

ಮಿತಿಗಳು

ದಾಖಲೆ ತಪ್ಪಾಗಿದ್ದರೆ ಫಲಿತಾಂಶವೂ ತಪ್ಪು. ಬೇಸತ್ತು ಸಾಲು ಬಿಟ್ಟು ಹೋದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ವ್ಯವಸ್ಥೆ ಚೆನ್ನಾಗಿದೆಯೆಂಬ ಭ್ರಮೆ ಮೂಡುತ್ತದೆ. ದಿನಗೂಲಿ ಕಳೆದುಕೊಂಡು ಆಸ್ಪತ್ರೆಗೆ ಬಂದು, ವೈದ್ಯರನ್ನು ಕಾಣದೆ ಮರಳುವ ರೋಗಿ ಹೀಗೆ ಲೆಕ್ಕದಿಂದಲೇ ಮರೆಯಾಗುತ್ತಾನೆ.

ವೆಚ್ಚ ಮಾತ್ರ ದೊಡ್ಡ ಅಡ್ಡಿಯಲ್ಲ. ಪೈಥಾನ್ ಭಾಷೆಯ ಸಿಮ್‌ಪೈ ತಂತ್ರಾಂಶ ಉಚಿತವಾಗಿ ಲಭ್ಯವಿದೆ. ಒಂದು ಗಡಿಯಾರ, ಒಂದು ನೋಟ್‌ಬುಕ್ ಹಿಡಿದು ಕೆಲವು ದಿನ ಸಾಲಿನ ಬಳಿ ನಿಂತು ದಾಖಲಿಸಿಕೊಳ್ಳುವುದೇ ಮೊದಲ ಹೆಜ್ಜೆ.