ಫೋಲಿಕ್ ಆಮ್ಲವೂ ಅರ್ಬುದ ಚಿಕಿತ್ಸೆಯೂ

ಕಿಣ್ವವೆಂಬ ಶಬ್ದವು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಮದ್ಯವನ್ನು ಹುಳಿಬರಿಸುವ ದ್ರವ್ಯದ ಹೆಸರು. ಚೈತನ್ಯವು ದೇಹದಿಂದಲೇ ಹುಟ್ಟುವುದೆಂಬುದಕ್ಕೆ ಚಾರ್ವಾಕರು ಕೊಟ್ಟ ದೃಷ್ಟಾಂತವೂ ಕಿಣ್ವದಿಂದ ಮದಶಕ್ತಿಯು ತಲೆದೋರುವುದೆಂಬುದೇ. ಈಗ ಈ ಹಳೆಯ ಶಬ್ದವು, ಜೀವಕೋಶದೊಳಗಿನ ರಸಕ್ರಿಯೆಗಳನ್ನು ತ್ವರೆಗೊಳಿಸಿಯೂ ತಾವು ವ್ಯಯವಾಗದ ಪ್ರೋಟೀನುಗಳಿಗೆ ಸಲ್ಲುತ್ತಿದೆ. ಅಂತಹ ಕಿಣ್ವವೊಂದನ್ನು ತಡೆದು ಅರ್ಬುದರೋಗವನ್ನು ಅಡಗಿಸಿದ ವೃತ್ತಾಂತವು ಮದ್ಯಗಾರರ ಕಿಣ್ವದಿಂದಲೇ, ಎಂದರೆ ಯೀಸ್ಟಿನಿಂದಲೇ, ಮೊದಲಾದುದು ಒಂದು ವಿನೋದವೇ ಸರಿ.

1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಭಾರತಕ್ಕೆ ಬಂದರು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರನ್ನು ಆಗ ಒಂದು ಬಗೆಯ ಉಗ್ರವಾದ ರಕ್ತಹೀನತೆಯು ಪೀಡಿಸುತ್ತಿದ್ದಿತು. ಆಹಾರದ ಕೊರತೆಯೇ ಇದಕ್ಕೆ ಕಾರಣವೆಂದು ತರ್ಕಿಸಿ, ಆಕೆಯು ಯೀಸ್ಟಿನಿಂದ ತಯಾರಾಗುವ ಮಾರ್ಮೈಟ್ ಎಂಬ ಅಗ್ಗದ ಸಾರವನ್ನು ಕೊಡಲು ರೋಗಿಗಳು ಚೇತರಿಸಿಕೊಂಡರು. ಈ ಫಲವು 1931ರಲ್ಲಿ ಪ್ರಕಟವಾಯಿತು. ಆ ಸಾರದಲ್ಲಿ ಅಡಗಿದ್ದ ವಸ್ತು ಯಾವುದೆಂಬುದು ಮಾತ್ರ ತಿಳಿದಿರಲಿಲ್ಲ. 1941ರಲ್ಲಿ ಟೆಕ್ಸಾಸಿನ ವಿದ್ವಾಂಸರು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಅಂತಹ ವಸ್ತುವೊಂದನ್ನು ಅತ್ಯಲ್ಪ ಪ್ರಮಾಣದಲ್ಲಿ ಬೇರ್ಪಡಿಸಿ, ಎಲೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು.

ಇದನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ನಿರ್ಮಿಸಿದ ಕೀರ್ತಿಯು ಯಲ್ಲಾಪ್ರಗಡ ಸುಬ್ಬರಾಯರ ನೇತೃತ್ವದ ಮಂಡಲಿಗೆ ಸಲ್ಲುವುದು. 1895ರಲ್ಲಿ ಆಂಧ್ರದೇಶದ ಭೀಮವರದಲ್ಲಿ ಜನಿಸಿದ ಇವರು, ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಓದುವಾಗ ಖಾದಿಯ ಉಡುಪನ್ನು ಧರಿಸಿ ಆಂಗ್ಲ ಪ್ರಾಧ್ಯಾಪಕರ ಅವಕೃಪೆಗೆ ಗುರಿಯಾದರು. ಪೂರ್ಣ ಪದವಿಯು ಕೈತಪ್ಪಿ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಮಾತ್ರ ದೊರೆಯಿತು. ಕೆಲಕಾಲ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿ, ಬಳಿಕ ಅಮೆರಿಕೆಯ ಹಾರ್ವರ್ಡಿಗೆ ತೆರಳಿದರು. ಅಲ್ಲಿ ಫಿಸ್ಕೆಯವರೊಡನೆ 1925ರಲ್ಲಿ ಪ್ರಕಟಿಸಿದ ರಂಜಕ ಮಾಪನದ ವಿಧಾನವು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಆದರೂ ಸ್ಥಿರವಾದ ಹುದ್ದೆಯು ದೊರೆಯಲಿಲ್ಲ. ಅಂತಹ ಪಂಡಿತನನ್ನು ಉಳಿಸಿಕೊಳ್ಳಲಾರದ ವಿದ್ಯಾಪೀಠಕ್ಕೆ ಏನೆನ್ನಬೇಕು! 1940ರಲ್ಲಿ ಅವರು ಲೆಡರ್ಲಿ ಔಷಧ ಕಾರ್ಖಾನೆಯನ್ನು ಸೇರಿದರು. ಐದು ವರ್ಷಗಳಲ್ಲಿ ಫೋಲಿಕ್ ಆಮ್ಲವು ಕೈಗೂಡಿತು. ಸ್ಪ್ರೂ ಎಂಬ ಅತಿಸಾರಕ್ಕೆ ಒಡಹುಟ್ಟಿದವರನ್ನು ಕಳೆದುಕೊಂಡಿದ್ದ ಅವರಿಗೆ, ಆ ರೋಗಕ್ಕೂ ಮದ್ದಾದ ಈ ವಸ್ತುವು ಕೇವಲ ರಸಾಯನದ ವಿಷಯವಾಗಿರಲಾರದು.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿದ್ದ ಸಿಡ್ನಿ ಫಾರ್ಬರರು, ಲ್ಯುಕೀಮಿಯಾ ಎಂಬ ರಕ್ತದ ಅರ್ಬುದದಿಂದ ನರಳುವ ಮಕ್ಕಳಿಗೆ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಕೊಟ್ಟು ನೋಡಿದರು. ಫಲವು ವಿಪರೀತವಾಯಿತು: ಮಜ್ಜೆಯ ರೋಗಕೋಶಗಳು ಮತ್ತಷ್ಟು ಬಿರುಸಾಗಿ ಬೆಳೆದವು. ಬೆಂಕಿಗೆ ತುಪ್ಪ ಸುರಿದಂತಾಯಿತು. ಮಕ್ಕಳ ವಿಷಯದಲ್ಲಿ ಇದು ಘೋರ ಪ್ರಮಾದವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಫಾರ್ಬರರು ಅದನ್ನು ಮುಚ್ಚಿಡದೆ ಬರೆದಿಟ್ಟರು, ಮತ್ತು ಅದರಿಂದಲೇ ಪ್ರತಿಪಕ್ಷವನ್ನು ಊಹಿಸಿದರು. ಅನ್ನವು ರೋಗವನ್ನು ಬೆಳೆಸುವುದಾದರೆ ಅನ್ನದ ವೇಷದ ವಿಷವು ಅದನ್ನು ತಗ್ಗಿಸಬೇಡವೆ? ಸುಬ್ಬರಾಯರ ಮಂಡಲಿಯು ಫೋಲಿಕ್ ಆಮ್ಲದ ಅಣುವಿನಲ್ಲಿ ಅಲ್ಪ ವ್ಯತ್ಯಾಸಗಳನ್ನು ಮಾಡಿ ಅಂತಹ ವಸ್ತುಗಳನ್ನು ಒದಗಿಸಿತು. ಅಮಿನೋಪ್ಟೆರಿನ್ ಎಂಬುದನ್ನು 1947ರ ಡಿಸೆಂಬರಿನಲ್ಲಿ ಮೊದಲ ಮಗುವಿಗೆ ಕೊಡಲಾಯಿತು. 1948ರ ಜೂನಿನ ವರದಿಯಂತೆ 16 ಮಕ್ಕಳಲ್ಲಿ 10 ಮಂದಿ ಸುಧಾರಿಸಿದರು. ಅದು ತಾತ್ಕಾಲಿಕ, ರೋಗವು ಮರುಕಳಿಸಿತು. ಅದೇ ವರ್ಷದ ಆಗಸ್ಟಿನಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾಯರು ತೀರಿಕೊಂಡರು. ಔಷಧವು ಯಾವ ಕಿಣ್ವವನ್ನು ಹಿಡಿಯುವುದೆಂಬುದು ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ.

ಅದರ ಮರ್ಮವು ಮುಂದಿನ ದಶಕದ ಕೊನೆಯ ವೇಳೆಗೆ ಬಯಲಾಯಿತು. ಫೋಲಿಕ್ ಆಮ್ಲವು ಇದ್ದ ರೂಪದಲ್ಲಿಯೇ ಕೋಶಕ್ಕೆ ಉಪಯೋಗವಿಲ್ಲ. ಅದು ಅಪಕರ್ಷಣಗೊಂಡು ಟೆಟ್ರಾಹೈಡ್ರೋಫೋಲೇಟ್ ಆಗಬೇಕು. ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವವು, ಎನ್ಎಡಿಪಿಎಚ್ ಎಂಬ ಸಹಕಾರಿ ದ್ರವ್ಯದಿಂದ ಜಲಜನಕವನ್ನು ಎಲೆಕ್ಟ್ರಾನುಗಳೊಡನೆ ತೆಗೆದು ಇದಕ್ಕೆ ಕೊಡುವುದು. ಹೀಗೆ ಸಿದ್ಧವಾದ ಫೋಲೇಟು ಒಂದೊಂದು ಇಂಗಾಲದ ಪರಮಾಣುವನ್ನು ಹೊತ್ತು ಬೇಕಾದಲ್ಲಿಗೆ ಮುಟ್ಟಿಸುವ ಹಮ್ಮಾಲಿಯಂತಿರುವುದು. ಇತರ ಕಡೆ ಹೊರೆಯನ್ನು ಇಳಿಸಿದರೂ ಅದರ ಅಪಕರ್ಷಿತ ಸ್ಥಿತಿಯು ಕೆಡದು. ಡಿಎನ್ಎಗೆ ಬೇಕಾದ ಥೈಮಿಡಿಲೇಟ್ ಎಂಬ ಘಟಕವನ್ನು ಕಟ್ಟುವಾಗ ಮಾತ್ರ, ಹೊರೆಯೊಡನೆ ತನ್ನ ಜಲಜನಕವನ್ನೂ ಒಪ್ಪಿಸಿ, ಉತ್ಕರ್ಷಣಗೊಂಡು ಹಿಂದಿರುಗುವುದು. ಕಿಣ್ವವು ಅದನ್ನು ಪುನಃ ಅಪಕರ್ಷಿಸದಿದ್ದರೆ ಕೆಲಸವು ನಿಂತಿತು. ಆದುದರಿಂದ ಎಡೆಬಿಡದೆ ವಿಭಜಿಸುವ ಕೋಶಕ್ಕೆ ಈ ಕಿಣ್ವವು ಪ್ರಾಣಪ್ರಾಯ. ಅಮಿನೋಪ್ಟೆರಿನ್ನಿನ ಸೋದರನಾದ ಮೆಥೊಟ್ರೆಕ್ಸೇಟು ಕಿಣ್ವದ ಪೀಠವನ್ನೇರಿ ಕುಳಿತರೆ ಸುಲಭವಾಗಿ ಏಳುವುದಿಲ್ಲ.

ಗರ್ಭವೇಷ್ಟನದಿಂದ ಹುಟ್ಟುವ ಕೋರಿಯೋಕಾರ್ಸಿನೋಮಾ ಎಂಬ ಅರ್ಬುದವು ದೇಹದಲ್ಲಿ ಹರಡಿದ ಮೇಲೆಯೂ ಈ ಔಷಧದಿಂದ ಶಮನವಾಗುವುದನ್ನು ಲೀ ಮತ್ತು ಹರ್ಟ್ಸ್ ಎಂಬವರು 1956ರಲ್ಲಿ ತೋರಿಸಿದರು. ಆದರೆ ಔಷಧಕ್ಕೆ ಸ್ವಪಕ್ಷ ಪರಪಕ್ಷಗಳ ವಿವೇಕವಿಲ್ಲ. ಮಜ್ಜೆ, ಬಾಯಿ, ಕರುಳುಗಳ ಒಳ್ಳೆಯ ಕೋಶಗಳೂ ಅದರಿಂದ ನವೆಯುವುವು. ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ, ಮೊದಲೇ ಅಪಕರ್ಷಿತವಾದ ಲ್ಯುಕೊವೊರಿನ್ ಎಂಬ ಫೋಲೇಟನ್ನು ಬಳಿಕ ಕೊಟ್ಟು ಅವನ್ನು ಕಾಪಾಡುವರು. ಅದಕ್ಕೆ ಆ ಕಿಣ್ವದ ಹಂಗಿಲ್ಲವಷ್ಟೆ. ಅರ್ಬುದಕೋಶಗಳೂ ಸುಮ್ಮನಿರಲಿಲ್ಲ. ಕೆಲವು ಕೋಶಗಳು ಕಿಣ್ವದ ಜೀನನ್ನೇ ಅನೇಕ ಪಟ್ಟು ಹೆಚ್ಚಿಸಿಕೊಂಡು ಔಷಧವನ್ನು ಮೀರುವುದನ್ನು ಶಿಮ್ಕೆಯವರ ಮಂಡಲಿಯು 1978ರಲ್ಲಿ ಕಂಡಿತು.

ಮಕ್ಕಳ ಲ್ಯುಕೀಮಿಯಾದ ಚಿಕಿತ್ಸೆಯಲ್ಲಿ ಮೆಥೊಟ್ರೆಕ್ಸೇಟು ಇತರ ಔಷಧಗಳೊಡನೆ ಇಂದಿಗೂ ಬಳಕೆಯಲ್ಲಿದೆ. ಸಂಧಿವಾತಕ್ಕೂ ಇದನ್ನು ಅಲ್ಪ ಪ್ರಮಾಣದಲ್ಲಿ ವಾರಕ್ಕೊಂದು ದಿನ ಮಾತ್ರ ಕೊಡುವರು. ಚೀಟಿಯನ್ನು ತಪ್ಪಾಗಿ ಓದಿ ದಿನವೂ ಸೇವಿಸಿ ಪ್ರಾಣ ಕಳೆದುಕೊಂಡವರೂ ಉಂಟು.