ಹೆಂಗಸರ ಹೃದಯ ಗಂಡಸರದಕ್ಕಿಂತ ವೇಗವಾಗಿ ಬಡಿಯುತ್ತದೆ ಎನ್ನುವುದು ನಿಜವೇ?

“ಹೆಂಗಸಿನ ಹೃದಯ ಗಂಡಸಿನ ಹೃದಯಕ್ಕಿಂತ ವೇಗವಾಗಿ ಬಡಿಯುತ್ತದೆ!” ‘ನಿಮಗೆ ಗೊತ್ತೇ?’ ಎಂಬ ತಲೆಬರಹ ಹೊತ್ತು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಓಡಾಡುವ ಪಟ್ಟಿಗಳಲ್ಲಿ ಈ ಸಾಲನ್ನು ನೀವೂ ಓದಿರುತ್ತೀರಿ. ಕೆಲವೊಮ್ಮೆ ಅದಕ್ಕೊಂದು ಬಾಲಂಗೋಚಿಯೂ ಇರುತ್ತದೆ. ಹೆಂಗಸರು ಭಾವುಕರು, ಅದಕ್ಕೇ ಹೀಗೆ ಎಂದೋ, ಅವರ ಹೃದಯ ಚಿಕ್ಕದು, ಹಾಗಾಗಿ ದುರ್ಬಲ ಎಂದೋ. ಮೊದಲ ಸಾಲು ನಿಜ, ಬಾಲಂಗೋಚಿ ಸುಳ್ಳು. ಆದರೆ ನಿಜವಾದ ಆ ಸಾಲನ್ನೂ ತಪ್ಪಾಗಿ ಬಳಸಿದರೆ ಅಪಾಯವಿದೆ.

ಮೊದಲು ಗಾತ್ರದ ವಿಚಾರ. ವಯಸ್ಕ ಗಂಡಸಿನ ಹೃದಯ ಸರಾಸರಿ 300 ಗ್ರಾಂ ಆಸುಪಾಸು ತೂಗಿದರೆ, ಹೆಂಗಸಿನದು 250 ಗ್ರಾಂ ಆಸುಪಾಸು. ಇದು ಸರಾಸರಿಯ ಮಾತು. ಎತ್ತರದ ಕ್ರೀಡಾಪಟು ಮಹಿಳೆಯ ಹೃದಯ ಗಿಡ್ಡ, ತೆಳ್ಳನೆಯ ಗಂಡಸಿನದಕ್ಕಿಂತ ದೊಡ್ಡದಿರಬಹುದು. ಗಾತ್ರ ಕಡಿಮೆ ಇದ್ದಾಗ ಒಂದು ಬಡಿತಕ್ಕೆ ಹೊರಬೀಳುವ ರಕ್ತವೂ ಕಡಿಮೆ. ಚಿಕ್ಕ ಕೊಡದಲ್ಲಿ ನೀರು ತರುವವರು ಒಂದೆರಡು ಸಲ ಹೆಚ್ಚು ಓಡಾಡಬೇಕಲ್ಲ, ಹಾಗೆ. ಉದಾಹರಣೆಗೆ, ಒಂದು ಬಡಿತಕ್ಕೆ 75 ಮಿಲಿಲೀಟರ್‌ನಂತೆ ನಿಮಿಷಕ್ಕೆ 72 ಸಲ ಬಡಿಯುವ ಹೃದಯ 5.4 ಲೀಟರ್ ರಕ್ತ ಸಾಗಿಸುತ್ತದೆ. 65 ಮಿಲಿಲೀಟರ್‌ನಂತೆ 78 ಸಲ ಬಡಿಯುವ ಹೃದಯ ಸಾಗಿಸುವುದು ಸುಮಾರು 5.1 ಲೀಟರ್. ತುಸು ಚಿಕ್ಕ ದೇಹಕ್ಕೆ ಅಷ್ಟು ಸಾಕು.

ಚಿಕ್ಕದು ಎಂದರೆ ದುರ್ಬಲ ಎಂದಲ್ಲ. ಒಳಗೆ ತುಂಬಿಕೊಂಡ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೃದಯ ಹೊರದಬ್ಬುತ್ತದೆ ಎಂದು ಎಕೋ ಪರೀಕ್ಷೆಯಲ್ಲಿ ಅಳೆಯುತ್ತಾರೆ. ಆ ಲೆಕ್ಕದಲ್ಲಿ ಆರೋಗ್ಯವಂತ ಹೆಂಗಸರು ಗಂಡಸರಿಗಿಂತ ಸ್ವಲ್ಪ ಮುಂದೆಯೇ ಇದ್ದಾರೆ.

ಇನ್ನು ಭಾವುಕತೆ. ಹೃದಯದ ಬಲ ಮೇಲ್ಕೋಣೆಯಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಜೀವಕೋಶಗಳ ಗುಂಪಿದೆ. ಬಡಿತಕ್ಕೆ ತಾಳ ಹಾಕುವುದು ಅದೇ. ಭಯ, ಸಿಟ್ಟು, ಸಂತೋಷವಾದಾಗ ನರಗಳು ಈ ತಾಳವನ್ನು ಏರಿಸುತ್ತವೆ. ಸಂಶೋಧಕರು ಔಷಧ ಕೊಟ್ಟು ಆ ನರಗಳ ಪ್ರಭಾವವನ್ನು ತಡೆದು ನೋಡಿದ್ದಾರೆ. ಆಗಲೂ ಹೆಂಗಸರ ಬಡಿತ ಸ್ವಲ್ಪ ಹೆಚ್ಚೇ ಇತ್ತು. ಗಾಢ ನಿದ್ದೆಯಲ್ಲೂ ಹಾಗೆಯೇ. ಅಂದರೆ ವ್ಯತ್ಯಾಸ ಹೃದಯದ ರಚನೆಯಲ್ಲೇ ಇದೆ. ಧಾರಾವಾಹಿ ನೋಡಿ ಅಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಈ ವ್ಯತ್ಯಾಸ ಎಷ್ಟು? ನಿಮಿಷಕ್ಕೆ ಕೆಲವೇ ಬಡಿತ, ಸರಾಸರಿ ಲೆಕ್ಕದಲ್ಲಿ ಹತ್ತರೊಳಗೆ. ಫಾರ್ವರ್ಡ್‌ಗಳು ಹೇಳದೇ ಬಿಡುವುದು ಇದನ್ನೇ. ವಿಶ್ರಾಂತಿಯಲ್ಲಿದ್ದಾಗ 60ರಿಂದ 100ರವರೆಗಿನ ಬಡಿತವನ್ನು ಗಂಡಸರಿಗೂ ಹೆಂಗಸರಿಗೂ ಸಾಮಾನ್ಯ ಎಂದೇ ಪರಿಗಣಿಸುತ್ತಾರೆ. ಸುಮ್ಮನೆ ಕೂತಿರುವ ಹೆಂಗಸಿನ ನಾಡಿ ದಿನವೂ 105, 110 ತೋರಿಸುತ್ತಿದ್ದರೆ “ಹೆಂಗಸರಿಗೆ ಹಾಗೇ ಬಿಡಿ” ಎನ್ನುವುದು ತಪ್ಪು. ನಮ್ಮ ದೇಶದಲ್ಲಂತೂ ದೊಡ್ಡ ತಪ್ಪು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಕಡಿಮೆಯಾದಾಗ ಅಷ್ಟೇ ಆಮ್ಲಜನಕ ತಲುಪಿಸಲು ಹೃದಯ ಹೆಚ್ಚು ಸಲ ಬಡಿಯಬೇಕಾಗುತ್ತದೆ. ಥೈರಾಯ್ಡ್ ಹೆಚ್ಚು ಕೆಲಸ ಮಾಡುತ್ತಿದ್ದರೂ ಬಡಿತ ಏರುತ್ತದೆ. ಎರಡನ್ನೂ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಪತ್ತೆ ಹಚ್ಚಬಹುದು, ಎರಡಕ್ಕೂ ಚಿಕಿತ್ಸೆ ಇದೆ. (ಗರ್ಭಿಣಿಯರಲ್ಲಿ ಬಡಿತ ಹತ್ತಿಪ್ಪತ್ತು ಹೆಚ್ಚುವುದು ಸಹಜ, ಅದರ ಲೆಕ್ಕ ಬೇರೆ.)

ಅಳೆಯಲು ಸ್ಮಾರ್ಟ್‌ವಾಚ್ ಬೇಕಿಲ್ಲ. ಬೆಳಿಗ್ಗೆ ಕಾಫಿಗೆ ಮೊದಲು, ಐದು ನಿಮಿಷ ಕೂತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ಎರಡು ಬೆರಳಿಟ್ಟು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಹೆಬ್ಬೆರಳಿನಿಂದ ಎಣಿಸಬೇಡಿ, ಅದರದ್ದೇ ಮಿಡಿತ ಲೆಕ್ಕ ತಪ್ಪಿಸುತ್ತದೆ.

ಜಿಮ್‌ಗೆ ಹೋಗುವವರಿಗೆ ಇನ್ನೊಂದು ಮಾತು. ವ್ಯಾಯಾಮದಲ್ಲಿ ಹೃದಯ ಮುಟ್ಟಬಹುದಾದ ಗರಿಷ್ಠ ಬಡಿತಕ್ಕೆ ‘220ರಿಂದ ವಯಸ್ಸು ಕಳೆಯಿರಿ’ ಎಂಬ ಸೂತ್ರ ಎಲ್ಲೆಡೆ ಇದೆ. ಅಮೆರಿಕದ ಷಿಕಾಗೊದಲ್ಲಿ ಐದು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಪರೀಕ್ಷಿಸಿದ ಸಂಶೋಧಕರು 2010ರಲ್ಲಿ ಬೇರೆ ಸೂತ್ರ ಕೊಟ್ಟರು. ವಯಸ್ಸನ್ನು 0.88ರಿಂದ ಗುಣಿಸಿ, 206ರಿಂದ ಕಳೆಯಬೇಕು. 40ರ ಹೆಂಗಸಿಗೆ ಹಳೆಯ ಸೂತ್ರ 180 ಎನ್ನುತ್ತದೆ, ಹೊಸದು 171. ವಿಶ್ರಾಂತಿಯಲ್ಲಿ ಹೆಚ್ಚು ಬಡಿಯುವ ಹೃದಯ ಓಟದಲ್ಲೂ ಹೆಚ್ಚು ಬಡಿಯಲೇಬೇಕು ಎಂದೇನಿಲ್ಲ.

ಇದೆಲ್ಲಕ್ಕಿಂತ ಗಂಭೀರವಾದದ್ದು ಹೃದಯಾಘಾತದ ವಿಚಾರ. ‘ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಆಗಲ್ಲ’ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಜಗತ್ತಿನಲ್ಲಿ ಹೆಂಗಸರ ಸಾವಿಗೆ ಮೊದಲ ಕಾರಣವೇ ಹೃದಯ ಮತ್ತು ರಕ್ತನಾಳದ ಕಾಯಿಲೆಗಳು. ಮುಟ್ಟು ನಿಂತ ಮೇಲೆ ಅಪಾಯ ಏರುತ್ತದೆ. ಹೃದಯ ಚಿಕ್ಕದಾದ್ದರಿಂದ ಅದಕ್ಕೆ ರಕ್ತ ಕೊಡುವ ನಾಳಗಳೂ ಸಣ್ಣ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ಅಂಶವೂ ಹೆಂಗಸರಲ್ಲಿ ಕಡಿಮೆ ಇರುತ್ತದೆ. ಹೆಚ್ಚು ಬಳಕೆಯಲ್ಲಿರುವ ಒಂದು ಸೂಕ್ಷ್ಮ ಪರೀಕ್ಷೆಯಲ್ಲಿ ಗಂಡಸರ ಮಿತಿ ಲೀಟರಿಗೆ 34 ನ್ಯಾನೋಗ್ರಾಂ, ಹೆಂಗಸರದು 16 ಮಾತ್ರ. ಗಂಡಸಿನ ಅಳತೆಯಲ್ಲಿ ‘ನಾರ್ಮಲ್’ ಅನ್ನಿಸುವ 25, ಹೆಂಗಸಿನಲ್ಲಿ ಎಚ್ಚರಿಕೆಯ ಗಂಟೆ.

ಹೆಂಗಸರಲ್ಲೂ ಎದೆನೋವೇ ಮುಖ್ಯ ಲಕ್ಷಣ. ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಏದುಸಿರು, ದವಡೆ ಅಥವಾ ಬೆನ್ನು ನೋವು, ವಾಕರಿಕೆ, ತಣ್ಣನೆ ಬೆವರು, ವಿಪರೀತ ಸುಸ್ತು ಕಾಣಿಸಬಹುದು. ಮನೆಗಳಲ್ಲಿ ಇದಕ್ಕೆಲ್ಲ ‘ಗ್ಯಾಸ್’ ಎಂಬ ಒಂದೇ ಹೆಸರು. ಅಮ್ಮನಿಗೋ ಅತ್ತೆಗೋ ಹೀಗಾದಾಗ ಸೋಡಾ ಕುಡಿಸಿ ಮಲಗಿಸಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ, ಮೊದಲು ಇಸಿಜಿ ಮಾಡಿ ಎಂದು ನೀವೇ ಕೇಳಿ. ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ವೈದ್ಯಕೀಯ ಮಾರ್ಗಸೂಚಿ. ಅದರಲ್ಲಿ ಗಂಡಸು, ಹೆಂಗಸು ಎಂಬ ಭೇದವಿಲ್ಲ.